ಮೂರು ತಿಂಗಳ ಪಥ್ಯ

ನನ್ನ ಗಂಡನ ತಲೆಯೊಳಗೆ ರಕ್ತನಾಳ ಒಡೆದದ್ದು ಒಂದು ಭಾನುವಾರ ಮಧ್ಯಾಹ್ನ, ನಾವಿಬ್ಬರೂ ಕೂಡಿದ್ದ ಹೊತ್ತಿನಲ್ಲಿ. ಇದನ್ನು ಹೀಗೆ ನೇರವಾಗಿ ಬರೆಯಲು ನನಗೀಗ ಯಾವ ನಾಚಿಕೆಯೂ ಇಲ್ಲ. ಗಂಡನ ಊರು ಹನಕೆರೆಯ ಸುತ್ತಲಿನವರೆಲ್ಲ ನಾಚಿಕೆ ಬಿಟ್ಟು ಮಾತಾಡಿ ಮುಗಿಸಿದ ಮೇಲೆ ನಾನೊಬ್ಬಳು ಸೆರಗು ಹೊದ್ದುಕೊಂಡು ಏನು ಮಾಡಲಿ? ಗಂಡನನ್ನು ಅವನು ಎಂದೇ ಬರೆಯುತ್ತೇನೆ. ಬಹುವಚನ ಬಹಳ ವರ್ಷ ಕೊಟ್ಟಾಗಿದೆ.

ಆಗ ಎಪ್ಪತ್ತರ ದಶಕದ ಆರಂಭ. ಮದ್ದೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನನ್ನು ಆ ಮನೆಗೆ ಕೊಟ್ಟು ಎರಡು ವರ್ಷವೂ ತುಂಬಿರಲಿಲ್ಲ. ಅವನು ಗಟ್ಟಿ ಆಳು. ಕಬ್ಬಿನ ಹೊರೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದ. ಅದಕ್ಕೆ ಮೊದಲು ಒಂದು ವಾರದಿಂದ ತಲೆನೋವು ಅನ್ನುತ್ತಿದ್ದ, ಒಂದು ಕಣ್ಣಿನ ರೆಪ್ಪೆ ಜೋತುಬಿದ್ದಿತ್ತು. ಅತ್ತೆ ಬಿಸಿಲಿನ ಝಳ ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿದ್ದಳು. ಆ ಮಧ್ಯಾಹ್ನ ಅವನು ಇದ್ದಕ್ಕಿದ್ದಂತೆ ಎರಡೂ ಕೈಯಲ್ಲಿ ತಲೆ ಹಿಡಿದು, "ಒಡ್ದೋಯ್ತು ಕಣೇ," ಅಂದವನೇ ಪಕ್ಕಕ್ಕೆ ಬಿದ್ದು ವಾಂತಿ ಮಾಡಿಕೊಂಡ. ನಾನು ಸೀರೆಯನ್ನು ಅರ್ಧಂಬರ್ಧ ಸುತ್ತಿಕೊಂಡು ಬಾಗಿಲು ತೆಗೆದು ಕೂಗಿದೆ. ಅತ್ತೆ ಬಂದವಳು ಮೊದಲು ನೋಡಿದ್ದು ಮಗನ ಮುಖವನ್ನಲ್ಲ, ನನ್ನ ಸೀರೆಯನ್ನು.

"ನನ್ ಮಗನ್ನ ತಿಂದ್ಕಂಡ್ಬುಟ್ಟಲ್ಲೇ," ಅಂದಳು.

ಕಬ್ಬಿನ ಲಾರಿಯಲ್ಲಿ ಮಂಡ್ಯಕ್ಕೆ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ಬೆಂಗಳೂರಿಗೆ ಒಯ್ದರು. ಕತ್ತಿನ ನಾಳಕ್ಕೆ ಔಷಧಿ ಚುಚ್ಚಿ ಎಕ್ಸರೇ ತೆಗೆದರು, ತಲೆ ಬೋಳಿಸಿ ಬುರುಡೆ ತೆರೆದರು. ಸೈಕಲ್ ಟ್ಯೂಬಿನಲ್ಲಿ ಒಂದು ಕಡೆ ರಬ್ಬರು ತೆಳುವಾಗಿ ಗುಳ್ಳೆ ಎದ್ದಿರುತ್ತದಲ್ಲ, ಅಂಥ ಗುಳ್ಳೆ ಮಿದುಳಿನ ನಾಳದಲ್ಲಿ ಒಡೆದಿತ್ತಂತೆ. ಅದರ ಬುಡಕ್ಕೆ ಒಂದು ಸಣ್ಣ ಕ್ಲಿಪ್ಪು ಹಾಕಿದರು. ಅವನು ಬದುಕಿದ. ಆಸ್ಪತ್ರೆಯಿಂದ ಕಳಿಸುವ ದಿನ ಡಾಕ್ಟರು ನನ್ನ ಭಾವನನ್ನು, ಅಂದರೆ ಗಂಡನ ಅಣ್ಣನನ್ನು, ಪಕ್ಕಕ್ಕೆ ಕರೆದು ಏನೋ ಹೇಳಿದರು. ನಾನು ಮೂರು ಮಾರು ದೂರದಲ್ಲಿ ಚೊಂಬು ಹಿಡಿದು ನಿಂತಿದ್ದೆ. ಹಾಸಿಗೆಯ ವಿಷಯವನ್ನು ಹೆಂಡತಿಗೆ ಹೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಡಾಕ್ಟರು ಗಂಡಸಿಗೆ ಹೇಳಬೇಕು, ಅವನು ತಾಯಿಗೆ ಹೇಳಬೇಕು, ತಾಯಿ ಪಕ್ಕದ ಮನೆಯವಳ ಬಾಯಲ್ಲಿ ಸೊಸೆಗೆ ಹೇಳಿಸಬೇಕು. ಪಕ್ಕದ ಮನೆಯವಳು ನನಗೆ ಹೇಳಿದ್ದು ಇಷ್ಟು: ಜೀವ ಇರೋ ತನಕ ಪಥ್ಯ, ನೀನು ಮುಟ್ಟಿದರೆ ಆ ನರ ಮತ್ತೆ ಒಡೆಯುತ್ತದೆ, ಈ ಸಲ ಉಳಿಯೋದಿಲ್ಲ.

ನಾನು ನಂಬಿದೆ. ಅವನ ಪ್ರಾಣಕ್ಕಿಂತ ಹೆಚ್ಚಿನದು ನನಗೇನಿತ್ತು? ಅತ್ತೆ ಅವನ ಕೋಣೆಯ ಹೊಸಲಿಗೆ ಅಡ್ಡ ಚಾಪೆ ಹಾಕಿ ಮಲಗತೊಡಗಿದಳು. ನಾನು ಒಲೆಯ ಪಕ್ಕ. ಅವನು ಬೇಗ ಸುಸ್ತಾಗುತ್ತಿದ್ದ, ಸಣ್ಣದಕ್ಕೂ ಸಿಡುಕುತ್ತಿದ್ದ, ಬೆಳಗ್ಗೆ ಹೇಳಿದ್ದು ಸಂಜೆಗೆ ಮರೆಯುತ್ತಿದ್ದ. ಊರಿನಲ್ಲಿ ನನಗೆ ಗಂಡನ ತಲೆ ಒಡೆದೋಳು ಎಂದು ಹೆಸರಾಯಿತು. ಮದುಮಗಳಿಗೆ ಅರಿಶಿನ ಹಚ್ಚುವ ಮುತ್ತೈದೆಯರ ಸಾಲಿಗೆ ನನ್ನನ್ನು ಕರೆಯುವುದು ನಿಂತಿತು. ಅದಿನ್ನೂ ಗೊತ್ತಾಗದಿದ್ದಾಗ ಒಂದು ಮದುವೆಯಲ್ಲಿ ಅರಿಶಿನದ ಬಟ್ಟಲಿಗೆ ಕೈ ಹಾಕಿದೆ. ಹುಡುಗಿಯ ತಾಯಿ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಮೆಲ್ಲಗೆ ಹೊರಗೆಳೆದು, ಆ ಅರಿಶಿನವನ್ನು ಚೆಲ್ಲಿ ಹೊಸದು ಕಲಸಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಹೀಗೆ ಕೆಲವು ವರ್ಷ ಕಳೆದವು. ಹೊಟ್ಟೆನೋವೆಂದು ಮಂಡ್ಯದ ಒಬ್ಬ ಲೇಡಿ ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ಮಕ್ಕಳೆಷ್ಟು ಎಂದು ಕೇಳಿದರು. ಇಲ್ಲ ಅಂದೆ, ಯಾಕೆ ಅಂದರು, ಹೇಳಿದೆ. ಆಯಮ್ಮ ಪೆನ್ನು ಕೆಳಗಿಟ್ಟರು. ಜೀವಮಾನವೆಲ್ಲ ಅಂತ ಯಾರೂ ಹೇಳಿರೋದಿಲ್ಲ, ಮೂರು ತಿಂಗಳು ಅಂದಿರುತ್ತಾರೆ ಅಂದರು. ನಾಳದ ಗೋಡೆ ಮೊದಲೇ ತೆಳುವಾಗಿತ್ತು, ಹೊರೆ ಎತ್ತುವಾಗ ಒಡೆಯಬಹುದಿತ್ತು, ಕೆಮ್ಮಿದರೆ ಒಡೆಯಬಹುದಿತ್ತು, ಸುಮ್ಮನೆ ಮಲಗಿದ್ದಾಗಲೂ ಒಡೆಯಬಹುದಿತ್ತು, ನಿನ್ನಿಂದ ಆದದ್ದಲ್ಲ ಅಂದರು. ಇಂಥ ಕಾಯಿಲೆ ಆದ ಮೇಲೆ ಎಷ್ಟೋ ಗಂಡಸರಿಗೆ ಆಸೆ ಸತ್ತುಹೋಗುತ್ತದೆ, ಮಿದುಳಿಗೆ ಬಿದ್ದ ಪೆಟ್ಟಿನಿಂದ, ಮಾತ್ರೆಗಳಿಂದ, ಹೆದರಿಕೆಯಿಂದ. ಕರೆದುಕೊಂಡು ಬಾ, ಏನಾದರೂ ಮಾಡಬಹುದು ಅಂದರು. ನಾನು ಅವರ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಬಸ್ಸಿನಲ್ಲಿ ಊರಿಗೆ ಬರುವಾಗ ನಗುತ್ತಿದ್ದೆ. ನನ್ನ ಗಂಡ ನನಗೆ ವಾಪಸು ಸಿಕ್ಕಿಬಿಟ್ಟ ಅಂದುಕೊಂಡಿದ್ದೆ, ಹುಚ್ಚುಮುಂಡೆ.

ಅವನು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಕ್ಕದಲ್ಲಿ ಕೂತು ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಮೂರ್ ತಿಂಗ್ಳು ಅಂತ ನಂಗೂ ಏಳಿದ್ರು," ಅಂದ. "ಆಸ್ಪತ್ರೇಲಿದ್ದಾಗ್ಲೇ ನನ್ ಕೈಲಿ ಇನ್ನು ಆಗಲ್ಲ ಅಂತ ಗೊತ್ತಾಯ್ತು. ಅದ್ಕೇ ಜೀವ ಇರೋಗಂಟ ಅಂತ ಏಳ್ಬುಡು ಅಂತ ಅಣ್ಣಂಗೆ ಅಂದೆ."

ಊರವರು ನನಗೆ ಏನಂತಾರೆ ಅಂತ ಗೊತ್ತಿರಲಿಲ್ಲವಾ ಎಂದು ಕೇಳಿದೆ.

"ಗೊತ್ತಿತ್ತು. ಗಂಡ್ಸಲ್ಲ ಅನ್ನಿಸ್ಕಳಕ್ಕಿಂತ ಅದೇ ವಾಸಿ ಅನ್ಕಂಡೆ ಕಣೇ."

ಕೋಪ ಬರಲಿಲ್ಲ ಎಂದು ಹೇಳಿ ದೊಡ್ಡವಳಾಗಲಾರೆ. ಕಾಳಿನ ಮೊರವನ್ನು ಅಂಗಳಕ್ಕೆ ಎಸೆದೆ. ಆದರೂ ಅವನ ಕಾಯಿಲೆಯ ಮೇಲೆ ನನಗೆ ಸಿಟ್ಟಿರಲಿಲ್ಲ. ಅದು ಎಂದಿಗೂ ಸರಿಹೋಗದಿದ್ದರೂ ಸರಿ, ಪಕ್ಕದಲ್ಲಿ ಮಲಗಿದರೆ ಸಾಕು, ನನ್ನ ಮೇಲಿರುವ ಅಪವಾದವೊಂದನ್ನು ತೆಗೆದುಬಿಡಿ ಅಂದೆ. ಹೂಂ ಅಂದ.

ಕೆಲವು ದಿನಕ್ಕೆ ಮಳವಳ್ಳಿ ಕಡೆಯಿಂದ ನೆಂಟರು ಬಂದರು. ಎಲ್ಲರೂ ಸಾಲಾಗಿ ಊಟಕ್ಕೆ ಕೂತಿದ್ದರು, ನಾನೂ ಅತ್ತೆಯೂ ಬಡಿಸುತ್ತಿದ್ದೆವು. ಮಗ ಯಾಕೆ ಹೀಗೆ ಸೊರಗಿದ್ದಾನೆ ಎಂದು ನೆಂಟರ ಹೆಂಗಸು ಕೇಳಿದಳು. ಅತ್ತೆ ಸೌಟಿನಲ್ಲಿ ನನ್ನ ಕಡೆ ತೋರಿಸಿ, ಆ ಮಧ್ಯಾಹ್ನದ ಕಥೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು. ನಾನು ಅವನ ಎದುರಿಗೆ ನಿಂತೆ.

"ನೀವೇ ಏಳಿ, ಇದು ನನ್ನಿಂದ ಆಯ್ತಾ?"

ಎಲ್ಲರೂ ಅವನನ್ನೇ ನೋಡಿದರು. ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ.

"ಅವ್ವ ಏಳೋದೇ ಸರಿ," ಅಂದ.

ಅತ್ತೆ ಹದಿನಾರು ಕಾಯಿಲೆ ಹೊತ್ತುಕೊಂಡೂ ಬಹಳ ವರ್ಷ ಬದುಕಿದಳು. ಸಾಯುವಾಗಲೂ ನನ್ನ ಕೈಯಿಂದ ನೀರು ಬೇಡ ಅಂದಳು. ಅವನು ಅಲ್ಲೇ ಹಾಸಿಗೆಯ ಪಕ್ಕ ಕೂತಿದ್ದ. ನನ್ನ ಕೈಯಲ್ಲಿದ್ದ ಲೋಟವನ್ನು ಇಸಿದುಕೊಂಡು, ಆ ನೀರನ್ನು ಚೆಲ್ಲಿ, ತಾನೇ ಬೇರೆ ನೀರು ತಂದು ಕುಡಿಸಿದ.