ಮುದ್ದಯ್ಯನ ಮೀಟರು, ನನ್ನ ಮೀಸೆ

ನಾನು ಹೇಳಲು ಹೊರಟಿರುವುದು ಮುದ್ದಯ್ಯನ ಕತೆ. ನಡುವೆ ನನ್ನ ಮೀಸೆ ಬಂದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಮಂಡ್ಯ ಕಡೆಯ ನಮ್ಮ ದುದ್ದದ ಸುತ್ತಮುತ್ತ ಯಾರ ಹಸು ಬೆದೆಗೆ ಬಂದರೂ ಫೋನು ಹೋಗುವುದು ಮುದ್ದಯ್ಯನಿಗೆ. ಪಶು ಆಸ್ಪತ್ರೆಯಲ್ಲಿ ಅವನದು ಚಿಕ್ಕ ಕೆಲಸ, ಆದರೆ ಹಳ್ಳಿಯವರ ಬಾಯಲ್ಲಿ ಅವನೇ ಡಾಕ್ಟ್ರು. ಬೈಕಿನ ಹಿಂದೆ ಹೋರಿಯ ವೀರ್ಯದ ಕ್ಯಾನು ಕಟ್ಟಿಕೊಂಡು ಬರುತ್ತಾನೆ, ಹಸುವಿಗೆ ಗಬ್ಬದ ಇಂಜೆಕ್ಷನ್ ಹಾಕುತ್ತಾನೆ, ಜೇಬಿನಿಂದ ನೋಟ್‌ಬುಕ್ ತೆಗೆದು ದಿನಾಂಕ ಬರೆಯುತ್ತಾನೆ. ಇಂಥ ದಿನ ಕರು ಹಾಕುತ್ತದೆ ಎಂದು ಹೇಳಿ ಹೊರಟುಬಿಡುತ್ತಾನೆ. ಆ ದಿನ ಆಚೀಚೆಯಾದರೆ ಜನ ಹಸುವನ್ನು ಬೈಯುತ್ತಾರೆಯೇ ಹೊರತು ಮುದ್ದಯ್ಯನನ್ನಲ್ಲ.

ನನಗೂ ಅವನಿಗೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು, ಅಂದಿನಿಂದಲೂ ಅವನನ್ನು ಕಂಡರೆ ನನಗೆ ಉರಿ. ನಾನು ಬೋರಯ್ಯ. ಆಲೆಮನೆ ಇಟ್ಟು ಬೆಲ್ಲ ಕಾಯಿಸುವವನು. ಜೋರು ಬಾಯಿ, ಅದಕ್ಕಿಂತ ಜೋರು ಮೀಸೆ. ಅವನೋ, ಯಾವತ್ತೂ ದನಿ ಎತ್ತಿದವನಲ್ಲ. ದನಿ ಎತ್ತದವನ ಜೊತೆ ಜಗಳ ಆಡುವುದು ಎಂಥ ಹಿಂಸೆ ಅಂತ ಆಡಿದವರಿಗೇ ಗೊತ್ತು.

ಹನ್ನೆರಡು ವರ್ಷದ ಹಿಂದೆ ಅವನು ಈ ಬೈಕು ತಂದ. ನಮ್ಮೂರಿಗೆ ಡಿಜಿಟಲ್ ಮೀಟರಿನ ಮೊದಲ ಗಾಡಿ ಅದು. ಯಶೋದಮ್ಮನ ಟೀ ಅಂಗಡಿ ಮುಂದೆ ಜನ ಸುತ್ತುಗಟ್ಟಿ ಆ ಮಿನುಗುವ ಅಂಕಿಗಳನ್ನು ನೋಡುತ್ತಿದ್ದರೆ ನನಗೆ ತಡೆಯಲಾಗಲಿಲ್ಲ.

"ಇದೇನ್ಲಾ, ಗಾಡಿಗೆ ಕ್ಯಾಲ್ಕುಲೇಟ್ರು ಕಟ್ಕೊಂಡು ಬಂದಿದ್ದೀಯ? ಎಲ್ಡು ಮಳೆಗೆ ಕೆಟ್ಟೋಯ್ತದೆ ಬುಡು. ಗಾಡಿನೂ ಅಷ್ಟೇಯ, ಭಾಳ ದೂರ ಓಡಾಕಿಲ್ಲ."

"ಓಡ್ತದೆ ಕಣ್ಲಾ," ಅಂದ ಮುದ್ದಯ್ಯ.

"ಎಲ್ಲಿ, ಈ ಗಾಡಿನ ಒಂದ್ ಲಕ್ಸ ಕಿಲೋಮೀಟ್ರು ಓಡುಸ್ಬುಡು. ನನ್ ಮೀಸೆ ಬೋಳುಸ್ತೀನಿ."

ಅವನು ಜೇಬಿಗೆ ಕೈ ಹಾಕಿದ. "ಸರಿ. ಅಷ್ಟ್ರೊಳ್ಗೆ ಮೀಟ್ರು ಕೆಟ್ರೆ ಇಲ್ಲಿರೋರ್ಗೆಲ್ಲ ನಾನು ಬಾಡೂಟ ಹಾಕುಸ್ತೀನಿ," ಎಂದವನೇ ಹಸುಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎರಡೂ ಮಾತು ಬರೆದ. ಇಬ್ಬರೂ ರುಜು ಹಾಕಿದೆವು. ಯಶೋದಮ್ಮ ಸಾಕ್ಷಿ.

ಅಲ್ಲಿಂದ ಶುರುವಾಯಿತು ನನ್ನ ಕರ್ಮ. ದಿನಾ ಸಂಜೆ ಆಲೆಮನೆ ಮುಂದೆ ಹಾದು ಹೋಗುವಾಗ ಅವನು ಊಟ ಆಯ್ತಾ ಅನ್ನುತ್ತಿರಲಿಲ್ಲ, ಅಂಕಿ ಹೇಳುತ್ತಿದ್ದ. "ಅರುವತ್ತೊಂದು ಸಾವ್ರ ಕಣ್ಲಾ." ಒಂದು ವರ್ಷ ಬಿಟ್ಟು, "ಎಪ್ಪತ್ತು." ತೊಂಬತ್ತೈದು ಸಾವಿರ ದಾಟಿದ ಮೇಲೆ ಯಶೋದಮ್ಮ ಟೀ ಕೊಡುವಾಗ ನನ್ನ ಕಣ್ಣು ನೋಡುವುದು ಬಿಟ್ಟು ಮೂಗಿನ ಕೆಳಗೆ ನೋಡತೊಡಗಿದಳು. ಸಲೂನಿನ ಸಿದ್ದರಾಮು ದಾರಿಯಲ್ಲಿ ಸಿಕ್ಕಾಗೆಲ್ಲ ಬರೇ ನಗುತ್ತಿದ್ದ. ನನ್ನ ಹೆಂಡತಿಯಂತೂ ಒಂದು ದಿನ ನನ್ನ ಮೀಸೆಗೆ ಅಂಗೈ ಅಡ್ಡ ಹಿಡಿದು, "ಅಂಗೇನೂ ಕೆಟ್ಟದಾಗ್ ಕಾಣಾಕಿಲ್ಲ ಬುಡಿ," ಅಂದಳು. ಆ ರಾತ್ರಿ ನಾನು ಉಣ್ಣಲಿಲ್ಲ.

ಹೋದ ಶ್ರಾವಣ ಕಳೆದ ಮೇಲೆ ಒಂದು ಬುಧವಾರ ದೇವರು ಕಣ್ಣು ಬಿಟ್ಟ. ಮೀಟರು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಅರವತ್ತೆರಡಕ್ಕೆ ನಿಂತುಹೋಯಿತು. ಮುದ್ದಯ್ಯ ಮೂರು ಹಳ್ಳಿ ಸುತ್ತಿ ಬಂದರೂ ಅದೇ ಅಂಕಿ. ಇನ್ನು ಮೂವತ್ತೆಂಟೇ ಕಿಲೋಮೀಟರು ಉಳಿದಿತ್ತು. ನಾನು ಆಲೆಮನೆಯ ಕೆಲಸದವರಿಗೆಲ್ಲ ಬಿಸಿ ಬೆಲ್ಲ ಹಂಚಿ, ಟೀ ಅಂಗಡಿಗೆ ಹೋಗಿ ಮೀಸೆ ತಿರುವಿಕೊಂಡು ಕೂತೆ.

"ಮೀಟ್ರು ಕೆಟ್ಟೋಯ್ತಂತೆ. ಬಾಡು ಯಾವತ್ಲಾ?"

"ಬರೋ ಭಾನ್ವಾರ," ಅಂದ ಮುದ್ದಯ್ಯ. ಒಂದು ಮಾತು ಎದುರಾಡಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು.

ಶುಕ್ರವಾರ ಅವನು ಮೀಟರು ತೋರಿಸಲು ಮದ್ದೂರಿನ ಮೆಕ್ಯಾನಿಕ್ ವಾಜಿದ್ ಹತ್ತಿರ ಹೊರಟ. ಮೀಟರನ್ನು ಗುಟ್ಟಾಗಿ ಲಕ್ಷಕ್ಕೆ ತಿರುಗಿಸಿಕೊಂಡು ಬರುತ್ತಾನೆ ಎಂದು ನನಗೆ ಖಾತ್ರಿಯಾಯಿತು. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. "ನಾನೂ ಬತ್ತೀನಿ," ಅಂದೆ. "ಕೂತ್ಕೊ," ಅಂದ.

ವಾಜಿದ್ ಮೀಟರು ಬಿಚ್ಚಿ ಒಳಗಿನ ಹಲಗೆ ತೋರಿಸಿದ. ನೀರು ಸೇರಿ ಹಸಿರು ಕಿಲುಬು ಕಟ್ಟಿತ್ತು. "ಇದು ಮುಗೀತು ಡಾಕ್ಟ್ರೇ. ಈ ಗಾಡಿಗೆ ಹೊಸ ಮೀಟ್ರೂ ಬರಲ್ಲ ಈಗ. ಬೇರೆ ಗಾಡೀದು ಒಂದಿದೆ, ಹಾಕ್ಕೊಡ್ತೀನಿ." ಆ ಹಳೇ ಮೀಟರಿನಲ್ಲಿ ನಲವತ್ತೊಂದು ಸಾವಿರದ ಇನ್ನೂರ ಆರು ಅಂತ ಇತ್ತು. ವಾಜಿದ್ ಕೈ ಒರೆಸಿಕೊಳ್ಳುತ್ತ ಹೇಳಿದ, "ನಂಬರ್ ಎಷ್ಟು ಬೇಕೋ ಹೇಳಿ. ಮಿಷನ್ ಇದೆ, ಎರಡು ನಿಮಿಷದ ಕೆಲಸ. ಲಕ್ಷ ಅಂದ್ರೆ ಲಕ್ಷ."

ನನ್ನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಮುದ್ದಯ್ಯ ನನ್ನನ್ನು ನೋಡಿದ, ಮೀಟರು ನೋಡಿದ.

"ಬ್ಯಾಡ ಕಣಪ್ಪ, ಅದ್ರಲ್ಲಿ ಎಷ್ಟದೋ ಅಷ್ಟೇ ಇರ್ಲಿ. ಹಸಕ್ಕೆ ಇಂಜೆಕ್ಷನ್ ಕೊಟ್ಟ ದಿನ ಸುಳ್ಳು ಬರ್ಕೊಂಡ್ರೆ, ಕರು ಬಂದು ನನ್ ಮರ್ವಾದೆ ತೆಗೀತದೆ. ಇದೂ ಅಂಗೇಯ."

ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಸಾವಿರದ ಇನ್ನೂರ ಆರು ಎಂದು ಬರೆದು ನನ್ನ ಮುಂದೆ ಹಿಡಿದ. ನಾನು ಸಂತೋಷವಾಗಿ ರುಜು ಹಾಕಿದೆ. ಲಕ್ಷ ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಅಂದುಕೊಂಡು ಮೂವರಿಗೂ ಟೀ ಕೊಡಿಸಿದೆ. ಅಂಥದ್ದು ಹಿಂದೆ ನಡೆದಿರಲಿಲ್ಲ.

ವಾಪಸ್ಸು ಬರುವಾಗ ಮಂಡ್ಯ ದಾಟಿದ ಮೇಲೆ ಮುದ್ದಯ್ಯ ಗಾಡಿಯನ್ನು ಅಡ್ಡದಾರಿಗೆ ತಿರುಗಿಸಿದ. "ಒಂದ್ ಹಸ ನೋಡ್ಕೊಂಡು ಓಗವಾ." ಓಗವಾ ಅಂದೆ. ನನಗೇನು, ಮೀಸೆ ಗಾಳಿಗೆ ಹಾರುತ್ತಿತ್ತು. ಹಸು ನೋಡಿ ಬಂದು ನಾಲೆ ಏರಿಯ ಮೇಲೆ ಹೋಗುತ್ತಿದ್ದವನು ಸುಮ್ಮಸುಮ್ಮನೆ ಗಾಡಿ ನಿಲ್ಲಿಸಿದ.

"ಬಿಸ್ಲಿಗೆ ಮೀಟ್ರು ಸರ್ಯಾಗಿ ಕಾಣ್ತಿಲ್ಲ ಕಣ್ಲಾ. ಎಷ್ಟದೆ ಓದು."

"ನಲ್ವತ್ತೊಂದು ಸಾವ್ರದ ಇನ್ನೂರ್ ನಲ್ವತ್ನಾಕು," ಎಂದು ನಾನು ನಾಲೆಯ ಆಚೆ ದಡಕ್ಕೂ ಕೇಳುವ ಹಾಗೆ ಓದಿದೆ. ಅವನು ಬರೆದುಕೊಂಡ. ದಿನಾ ಬರೆಯುವವನು ತಾನೇ ಎಂದು ನಾನು ಸುಮ್ಮನಾದೆ.

ಭಾನುವಾರ ಅವನ ಹಿತ್ತಿಲಲ್ಲಿ ನಲವತ್ತು ಎಲೆ ಹಾಕಿದರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಸೋತವನ ಮನೆ ಊಟ ಎಂದು ಎರಡು ಮುದ್ದೆ ಹೆಚ್ಚಾಗಿಯೇ ನುಂಗಿದೆ. ಸಿದ್ದರಾಮು ಊಟ ಮುಗಿಸಿ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ. ಭಾನುವಾರವೂ ಇವನಿಗೆ ಪೆಟ್ಟಿಗೆ ಯಾಕೆ ಅಂದುಕೊಂಡೆ.

ಮುದ್ದಯ್ಯ ಎದ್ದು ನಿಂತು ನೋಟ್‌ಬುಕ್ ತೆರೆದ. "ಮೀಟ್ರು ನಿಂತಾಗ ಲಕ್ಸುಕ್ಕೆ ಮೂವತ್ತೆಂಟು ಉಳ್ದಿತ್ತು. ಮದ್ದೂರಲ್ಲಿ ಬೇರೆ ಮೀಟ್ರು ಹಾಕ್ದಾಗ ಇನ್ನೂರಾರು ಇತ್ತು, ಇಲ್ಲಿ ಅದೆ ನೋಡಿ ಬೋರನ ರುಜು. ನಾಲೆ ಏರಿ ಮ್ಯಾಲೆ ಇನ್ನೂರ್ ನಲ್ವತ್ನಾಕು, ಓದ್ದೋನೂ ಬೋರನೇಯ. ಮೂವತ್ತೆಂಟು ಆಯ್ತು. ಮೀಟ್ರು ನಿಂತಿದ್ದಾಗ ಓಡುದ್ದನ್ನ ನಾನು ಲೆಕ್ಕಕ್ಕೆ ಇಡ್ದಿಲ್ಲ, ಅದುಕ್ಕೆ ಸಾಕ್ಸಿ ಇಲ್ಲ."

ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ. "ಏಯ್, ಮೀಟ್ರು ಕೆಟ್ಟಿದ್ದು ಸುಳ್ಳಾ? ನೀನ್ ಸೋತಿದ್ದುಕ್ಕೆ ತಾನೆ ಬಾಡು ಹಾಕ್ಸಿದ್ದು?"

"ಊಂ ಕಣ್ಲಾ, ಅದುಕ್ಕೇ ಹಾಕ್ಸ್ದೆ. ಮೀಟ್ರು ಕೆಟ್ರೆ ಬಾಡು, ಗಾಡಿ ಓಡುದ್ರೆ ಮೀಸೆ. ಎಲ್ಡೂ ಬರ್ದಿದ್ದೀವಿ. ನನ್ ಮಾತು ನಾನು ನಡುಸ್ದೆ."

ಯಶೋದಮ್ಮ ಎಲೆ ಮುಂದೆ ಕೂತಲ್ಲಿಂದಲೇ, "ಅಂಗೇ ಬರ್ದಿದ್ದು, ನಾನೇ ಸಾಕ್ಸಿ ಕಣಪ್ಪ," ಅಂದಳು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

ಜಗಳಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ವಾಜಿದನ ಮಿಷನ್ನು ನೆನಪಿಗೆ ಬಂತು. ಎರಡು ನಿಮಿಷದ ಕೆಲಸ. ಈ ಮನುಷ್ಯ ನನ್ನನ್ನು ಬಿಟ್ಟು ಒಬ್ಬನೇ ಹೋಗಿ ಒಂದು ಮಾತು ಹೂಂ ಅಂದಿದ್ದರೆ, ಒಂದು ಕುರಿಯೂ ಇಲ್ಲದೆ, ಒಂದು ಎಲೆಯೂ ಇಲ್ಲದೆ ನನ್ನ ಮೀಸೆ ಹೋಗುತ್ತಿತ್ತು. ಅವನು ನಲವತ್ತು ಜನಕ್ಕೆ ಉಣ್ಣಲು ಇಕ್ಕಿ, ನನಗೂ ಎರಡು ಮುದ್ದೆ ಹೆಚ್ಚಿಗೆ ಇಕ್ಕಿ, ನೇರವಾಗಿ ಗೆದ್ದ. ನನಗೆ ನಾಚಿಕೆಯಾಯಿತು. ಕೈ ತೊಳೆದುಕೊಂಡು, ಟವೆಲ್ಲು ಕೊರಳಿಗೆ ಸುತ್ತಿಕೊಂಡು ಸಿದ್ದರಾಮುವಿನ ಮುಂದೆ ಕೂತೆ.

ಮಾರನೇ ದಿನ ಸಂಜೆ ಬೈಕಿನ ಸದ್ದು ಆಲೆಮನೆ ಮುಂದೆ ನಿಂತಿತು. ಆಡಿಕೊಳ್ಳಲು ಬಂದ ಎಂದು ನಾನು ಮುಖ ತಿರುಗಿಸಿ ಕೊಪ್ಪರಿಗೆ ಕಡೆ ನೋಡುತ್ತ ನಿಂತೆ. ಮೂಗಿನ ಕೆಳಗೆ ತಣ್ಣಗಾಗುತ್ತಿತ್ತು.

"ಬೋರ," ಅಂದ ಮುದ್ದಯ್ಯ, "ಎಲ್ಡ್ ಲಕ್ಸುಕ್ಕೆ ಏನ್ ಕಟ್ತೀಯ?"

"ಮೊದ್ಲು ಮೀಸೆ ಬೆಳೀಲಿ ತಡಿಯಾ," ಅಂದೆ.

ಅವನು ಅದನ್ನೂ ಬರೆದುಕೊಂಡ.