ಗೇಟಿನಣ್ಣನ ಬೆರಳು

ಮೊನ್ನೆ ಮೊಮ್ಮಗಳಿಗೆ ಒಂದೂವರೆ ತಿಂಗಳಿನ ಸೂಜಿ ಹಾಕಿಸಲು ಆರೋಗ್ಯ ಕೇಂದ್ರಕ್ಕೆ ಹೋಗಿದ್ದೆವು. ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆಯೋಣವೆಂದು ನಲ್ಲಿಯ ಹತ್ತಿರ ಹೋದೆ. ಅಲ್ಲೊಂದು ಕೆಂಪು ಸೋಪು ಸವೆದು ಸವೆದು ಬಿಲ್ಲೆಯಂತಾಗಿತ್ತು. ನೊರೆ ಬಂದದ್ದೇ ತಡ, ಆ ಘಾಟು ಮೂಗಿಗೆ ಹೊಡೆಯಿತು. ನಲ್ಲಿ ನಿಲ್ಲಿಸುವುದನ್ನೂ ಮರೆತು ಹಾಗೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ "ಅಜ್ಜಿ, ನೀರು ಸುಮ್ನೆ ಹೋಗ್ತಾ ಇದೆ" ಅಂದಾಗಲೇ ಎಚ್ಚರವಾದದ್ದು.

ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಸಂತೋಷಕ್ಕೆ ಎಲ್ಲೆಯೇ ಇಲ್ಲ. ಅವಳು ಸೀನಿದರೆ ಬೀದಿಗೆಲ್ಲ ಹೇಳುತ್ತೇನೆ, ಆಕಳಿಸಿದರೆ ಫೋನು ಮಾಡಿ ಹೇಳುತ್ತೇನೆ. ಮೈಯಲ್ಲಿ ಮಾತ್ರ ಶಕ್ತಿಯಿಲ್ಲ. ಮಂಡಿ ಹಿಡಿಯುತ್ತದೆ, ಎಣ್ಣೆ ಹಚ್ಚಿ ಎರೆದು ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಇಷ್ಟು ದೊಡ್ಡ ಸಂತೋಷವನ್ನು ಇಷ್ಟು ಸುಸ್ತಾದ ಮೈಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ. ನಾಲ್ಕನೇ ಕ್ಲಾಸು ಓದಿದವಳು ನಾನು. ಮೊಮ್ಮಗಳ ಬಗ್ಗೆಯೇ ನಾಲ್ಕು ಸಾಲು ಬರೆಯೋಣ ಅಂತ ಕೂತೆ. ಆದರೆ ಆ ಘಾಟು ಬಿಡಲಿಲ್ಲ... ಗೇಟಿನಣ್ಣನ ಹತ್ತಿರವೇ ಎಳೆದುಕೊಂಡು ಹೋಯಿತು.

ಆಗ ನಾವು ಬೊಮ್ಮಸಂದ್ರದಲ್ಲಿದ್ದೆವು. ಇಪ್ಪತ್ತು ವರ್ಷದ ಹತ್ತಿರ ಆಯಿತು. ಮನೆಯ ಮುಂದಿನ ಕೋಣೆಯಲ್ಲೇ ಟೀ ಅಂಗಡಿ ಇಟ್ಟಿದ್ದೆ. ಎದುರಿಗೆ ಔಷಧಿ ಫ್ಯಾಕ್ಟರಿಯ ದೊಡ್ಡ ಗೇಟು. ಆ ಗೇಟು ಕಾಯುತ್ತಿದ್ದವರು ಅವರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಆರು ವರ್ಷದ ನನ್ನ ಮಗಳಿಗೆ ಅವರು ಗೇಟ್ ಮಾಮ. ಸಣಕಲು ಮೈ, ನೀಲಿ ಬಟ್ಟೆ. ಬೆಲ್ಟು ದೊಡ್ಡದಾಗಿ, ಮೊಳೆ ಕಾಯಿಸಿ ಇನ್ನೂ ಮೂರು ತೂತು ಮಾಡಿಕೊಂಡಿದ್ದರು. ಕೆಲಸದಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಒಮ್ಮೆ ಪಾಸು ಮರೆತು ಬಂದ ಮ್ಯಾನೇಜರನ್ನೇ ನಿಲ್ಲಿಸಿಬಿಟ್ಟಿದ್ದರು. ಡ್ರೈವರ್ ಮನೆಗೆ ಹೋಗಿ ಪಾಸು ತರುವವರೆಗೆ ಆ ಮನುಷ್ಯ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಟೀ ಕುಡಿದರು. "ನಂಗೇನಕ್ಕ, ಮುಖ ನೋಡಿ ಬಿಡೋ ಕೆಲಸ ಅಲ್ಲ, ಪಾಸ್ ನೋಡಿ ಬಿಡೋ ಕೆಲಸ" ಅಂತ ಇವರು ನಕ್ಕಿದ್ದರು.

ಚರಂಡಿಯ ಪಕ್ಕದಲ್ಲಿ ಹುಟ್ಟಿದ ಒಂದು ಕಂದು ನಾಯಿಮರಿ ಅವರ ಕಾಲು ಬಿಡುತ್ತಿರಲಿಲ್ಲ. ನಮ್ಮ ಅಂಗಡಿಯ ಬನ್ನಿನಲ್ಲಿ ಅರ್ಧ ಅವರಿಗೆ, ಅರ್ಧ ಅದಕ್ಕೆ. ಒಂದು ದಿನ ಬನ್ನು ಕೊಡುವಾಗ ಅದರ ಹಲ್ಲು ಅವರ ತೋರುಬೆರಳಿಗೆ ತಾಗಿತು. ಗೀರು ಅಷ್ಟೇ. ರಕ್ತವೂ ಬರಲಿಲ್ಲ. ನಾನು ಎಲೆಯಡಿಕೆ ಹಾಕುವವಳು, ಸುಣ್ಣದ ಡಬ್ಬಿ ಸದಾ ಕೈಯಲ್ಲೇ ಇರುತ್ತಿತ್ತು. ಚಿಟಿಕೆ ಸುಣ್ಣ ತೆಗೆದು ಆ ಗೀರಿಗೆ ಒತ್ತಿದೆ. ಚೇಳು ಕಡಿದರೂ ಸುಣ್ಣ, ಜೇನು ಕಡಿದರೂ ಸುಣ್ಣ, ನಮ್ಮವ್ವನ ಕಾಲದಿಂದ ನಮಗೆ ಗೊತ್ತಿದ್ದ ಡಾಕ್ಟರು ಅದೊಂದೇ. ಅವರು "ಉರಿಯುತ್ತೆ ಕಣಕ್ಕ" ಅಂತ ಕೈ ಒದರಿಕೊಂಡು ಗೇಟಿಗೆ ಹೋದರು. ಇಬ್ಬರೂ ಅದನ್ನು ಅಲ್ಲೇ ಮರೆತೆವು.

ಐದಾರು ದಿನ ಕಳೆದಿರಬೇಕು. ಮರಿ ಮಂಕಾಗಿ ಮೂಲೆಯಲ್ಲಿ ಬಿದ್ದಿತ್ತು, ಬಾಯಲ್ಲಿ ಜೊಲ್ಲು. ಪಾಪ ಅಂತ ನನ್ನ ಮಗಳು ಬಿಸ್ಕತ್ತು ಹಿಡಿದು ಹೋದಳು. ಅದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಕಿರುಚಿದ ಸದ್ದಿಗೆ ನಾನು ಒಂದು ಕೈಯಲ್ಲಿ ಸುಣ್ಣ, ಇನ್ನೊಂದು ಕೈಯಲ್ಲಿ ಮೆಣಸಿನಪುಡಿ ಹಿಡಿದು ಓಡಿದೆ. ಬೇರೆಯವರನ್ನು ನಿಲ್ಲಿಸದೆ ಗೇಟು ಬಿಟ್ಟು ಒಂದು ಹೆಜ್ಜೆ ಕದಲದ ಮನುಷ್ಯ ಅವತ್ತು ಗೇಟನ್ನು ಹಾರುಹೊಡೆದು ಬಿಟ್ಟು ರಸ್ತೆ ದಾಟಿ ಬಂದರು. ನನ್ನ ಕೈಗೆ ಹೊಡೆದ ಏಟಿಗೆ ಸುಣ್ಣದ ಡಬ್ಬಿ ಎಲ್ಲೋ ಹೋಗಿ ಬಿತ್ತು.

"ಏನೂ ಹಾಕ್ಬೇಡಿ ಅಕ್ಕ! ನೀರು ಬಿಡಿ, ನೀರು! ಸೋಪು ಎಲ್ಲೈತೆ?"

ಮಗಳನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ನಲ್ಲಿ ಪೂರ್ತಿ ತಿರುಗಿಸಿ, ಕೆಂಪು ಸೋಪಿನಲ್ಲಿ ಆ ಗಾಯ ತೊಳೆಯಲು ಶುರುಮಾಡಿದರು. ವಾಚು ನೋಡಿಕೊಂಡು ತೊಳೆದರು. ಅವಳು ಅಳುತ್ತಿದ್ದರೆ "ರಸ್ತೇಲಿ ಎಷ್ಟು ಲಾರಿ ಹೋಯ್ತು ಎಣ್ಸು ಮಗಾ" ಅನ್ನುವರು. ನನಗೋ ತಡೆಯಲಾಗಲಿಲ್ಲ. "ಸಾಕು ಬಿಡಿ ಅಣ್ಣ, ಮಗು ಚರ್ಮ ಕಿತ್ತೋಗುತ್ತೆ" ಅಂದೆ.

"ಕಾಲು ಗಂಟೆ ಅಂದ್ರೆ ಕಾಲು ಗಂಟೆ. ಇನ್ನೂ ಆರು ನಿಮಿಷ ಐತೆ."

ಆಮೇಲೆ ಗಾಯಕ್ಕೆ ಬಟ್ಟೆಯನ್ನೂ ಕಟ್ಟಗೊಡದೆ ಆಟೋ ಹತ್ತಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಗಾಯದ ಸುತ್ತಲೂ ಸೂಜಿ ಚುಚ್ಚಿದರು, ತೋಳಿಗೊಂದು ಚುಚ್ಚಿದರು. ಇನ್ನೂ ನಾಲ್ಕು ಸಲ ಬರಬೇಕು, ಒಂದೂ ತಪ್ಪಬಾರದು ಅಂದರು. ವಾಪಸು ಬಂದಾಗ ಸೂಪರ್‌ವೈಸರ್ ಗೇಟಿನಲ್ಲೇ ಕಾಯುತ್ತಿದ್ದ. ಇನ್ನೊಂದು ಸಲ ಗೇಟು ಬಿಟ್ಟು ಹೋದರೆ ಕೆಲಸವಿಲ್ಲ ಅಂತ ನಾಲ್ಕು ಜನರ ಮುಂದೆ ಬೈದ. ಇವರು ತಲೆ ಬಗ್ಗಿಸಿ ನಿಂತಿದ್ದರು. ಎಡಗೈ ಬೆರಳುಗಳಲ್ಲಿ ಇನ್ನೂ ಸೋಪಿನ ನೊರೆ ಒಣಗಿ ಅಂಟಿತ್ತು.

ನಾಲ್ಕನೇ ದಿನ ಮರಿ ಸತ್ತಿತು. ಅವರೇ ಗುಂಡಿ ತೋಡಿ ಹೂತರು.

ಆ ದಿನಗಳಲ್ಲಿ ಟೀ ಕುಡಿಯುತ್ತಾ ನನಗೆ ಅದನ್ನೆಲ್ಲ ಹೇಳಿಕೊಟ್ಟವರೂ ಅವರೇ. ಫ್ಯಾಕ್ಟರಿಯ ಲ್ಯಾಬ್ ಮೇಡಂ ಒಬ್ಬರು ಗೇಟಿನಲ್ಲಿ ಬಸ್ಸಿಗೆ ಕಾಯುವಾಗ ಇವರು ಕೇಳಿ ಕೇಳಿ ತಿಳಿದುಕೊಂಡಿದ್ದರು. ಅದಕ್ಕೆ ತಮ್ಮ ಗೇಟಿನ ಭಾಷೆ ಹಾಕಿ ನನಗೆ ಹೇಳುವರು.

"ಈ ವೈರಸ್ ಅನ್ನೋದಕ್ಕೆ ಕೈಯಿಲ್ಲ, ಕಾಲಿಲ್ಲ, ಹೊಟ್ಟೆನೂ ಇಲ್ಲ ಕಣಕ್ಕ. ತಾನೇ ಮರಿ ಹಾಕಕ್ಕೂ ಬರಲ್ಲ. ಅದರತ್ರ ಇರೋದು ಒಂದು ಚೀಟಿ ಮಾತ್ರ. ತನ್ನಂಥದ್ದನ್ನ ಎಂಗೆ ಮಾಡೋದು ಅಂತ ಬರೆದಿರೋ ಚೀಟಿ. ಕಳ್ಳ ಪಾಸ್ ತೋರಿಸಿ ನಮ್ಮ ಮೈಯೊಳಗಿನ ಒಂದು ಯೂನಿಟ್ಟಿಗೆ ನುಗ್ಗುತ್ತೆ. ಒಳಗೆ ನಮ್ಮದೇ ಮೆಷಿನ್, ನಮ್ಮದೇ ಲೇಬರ್. ಆ ಚೀಟಿ ಅವರ ಕೈಗೆ ಕೊಡುತ್ತೆ. ಅವು ಪಾಪ ಓನರ್ ಆರ್ಡರ್ ಅಂದ್ಕೊಂಡು ನಮ್ಮ ಮಾಲು ಬಿಟ್ಟು ಅದರ ಮಾಲು ತಯಾರ್ ಮಾಡ್ತವೆ. ಒಂದು ಹೋಗಿ ಸಾವಿರ ಆಯ್ತವೆ. ಆ ಸಾವಿರ ಪಕ್ಕದ ಯೂನಿಟ್‌ಗಳಿಗೆ ನುಗ್ತವೆ."

"ಅಷ್ಟೊತ್ತು ನಮ್ಮ ಮೈಯಲ್ಲಿ ಇರೋ ಸೆಕ್ಯೂರಿಟಿ ಏನು ಮಾಡ್ತಾನೆ? ನಿಮ್ ಥರ ಬನ್ ತಿಂತಾ ಕೂತಿರ್ತಾನಾ?" ಅಂದೆ.

ಜೋರಾಗಿ ನಕ್ಕರು. ಈ ಹುಚ್ಚುನಾಯಿ ರೋಗದ ವೈರಸ್ ಬಲು ಖದೀಮ ಅಂದರು. ರಕ್ತದ ದೊಡ್ಡ ರಸ್ತೆಯಲ್ಲಿ ಬಂದರೆ ಸೆಕ್ಯೂರಿಟಿ ಹಿಡಿಯುತ್ತಾನೆ. ಅದಕ್ಕೇ ನರದ ಸಂದಿಯೊಳಗೆ ನುಸುಳಿ, ಯಾರ ಕಣ್ಣಿಗೂ ಬೀಳದೆ ಮೆಲ್ಲಗೆ ಮಿದುಳಿಗೆ ಹತ್ತುತ್ತದೆ. ಮಿದುಳು ಮುಟ್ಟಿತೆಂದರೆ ಮುಗಿಯಿತು, ಯಾವ ದೇಶದ ಡಾಕ್ಟರ ಕೈಯಲ್ಲೂ ಆಗುವುದಿಲ್ಲ. ಆದರೆ ಅದು ಆಮೆ ನಡಿಗೆಯದು. ಆ ಪುಣ್ಯಕ್ಕೆ ನಮಗೆ ಟೈಮು ಸಿಗುತ್ತದೆ. ತೋಳಿನ ಸೂಜಿ ಅಂದರೆ ಸತ್ತ ಕಳ್ಳನ ಫೋಟೋ ಎಲ್ಲ ಗೇಟಿಗೂ ಹಂಚಿದ ಹಾಗೆ. ಸೆಕ್ಯೂರಿಟಿಯವರು ಆ ಮುಖ ಕಲಿಯಲು ದಿನ ಬೇಕು, ಅದಕ್ಕೇ ಮತ್ತೆ ಮತ್ತೆ ತೋರಿಸುವುದು. ಅಲ್ಲಿಯವರೆಗೆ ಕಾಯಲು ಹೊರಗಿನಿಂದ ಬಾಡಿಗೆ ಕಾವಲಿನವರನ್ನು ತಂದು ನಿಲ್ಲಿಸಿದ್ದಾರೆ, ಗಾಯದ ಸುತ್ತ ಚುಚ್ಚಿದ್ದು ಅದು. ಸೋಪು ಯಾಕೆ ಅಂದರೆ ಆ ವೈರಸ್ಸಿನ ಮೈಮೇಲಿರುವುದು ಜಿಡ್ಡಿನ ಅಂಗಿ, ಎಣ್ಣೆ ಪಾತ್ರೆ ತೊಳೆದ ಹಾಗೆ ಕಿತ್ತುಹೋಗುತ್ತದೆ. ಸುಣ್ಣ, ಮೆಣಸಿನಪುಡಿ ಹಾಕಿದರೆ ಗಾಯ ಕೆರಳಿ ಅದನ್ನು ಇನ್ನೂ ಒಳಕ್ಕೆ ತಳ್ಳಿದಂತೆ. ಇಷ್ಟನ್ನೂ ಹೇಳುವಾಗ ಅವರು ಗ್ಲಾಸು, ಲೋಟ, ಬನ್ನು ಎಲ್ಲವನ್ನೂ ಬೆಂಚಿನ ಮೇಲೆ ಸಾಲಾಗಿ ಇಟ್ಟು ತೋರಿಸುವರು. ನಾನು ಪಾತ್ರೆ ತೊಳೆಯುತ್ತಾ ಕೇಳುವೆ.

ಮೂರು ಸೂಜಿ ಆಗುವಷ್ಟರಲ್ಲಿ ಮಗಳ ಗಾಯ ಒಣಗಿ ಪಕ್ಕು ಉದುರಿತ್ತು. ನಾಲ್ಕನೆಯದಕ್ಕೆ ಹೊರಟಾಗ ನಮ್ಮತ್ತೆ ಅಡ್ಡ ನಿಂತರು. "ಮಾಯ್ದಿರೋ ಗಾಯಕ್ಕೆ ಇನ್ಯಾತರ ಸೂಜಿ? ಅಂಗಡಿ ಮುಚ್ಕೊಂಡು ಮೆರೆಯಾಕೆ ಒಂದು ನೆಪ ಇವಳಿಗೆ." ನನಗೂ ಸಾಕಾಗಿತ್ತು. ಎರಡು ಬಸ್ಸು, ಆಸ್ಪತ್ರೆಯ ಸಾಲು, ಮಗುವಿನ ರಚ್ಚೆ. ಸರಿ ಬಿಡಿ ಅಂತ ಚಪ್ಪಲಿ ಬಿಟ್ಟೆ. ಅಷ್ಟರಲ್ಲಿ ಗೇಟಿನಣ್ಣ ಬಂದರು. ಡ್ಯೂಟಿ ಬದಲಾಗುವ ಹೊತ್ತು, ಇನ್ನೂ ಟೋಪಿ ತಲೆಯ ಮೇಲೇ ಇತ್ತು.

"ಅಜ್ಜಿ, ಮೇಲೆ ಮಾಯ್ದ್ರೆ ಒಳಗೆ ಮಾಯ್ದಂಗಲ್ಲ. ಅದು ಒಳಗೆ ನಡ್ಕೊಂಡು ಹೋಗ್ತಾ ಐತೋ ಏನೋ ಯಾರಿಗ್ಗೊತ್ತು? ಇವತ್ತು ಮಗೀನ ಕಳಿಸ್ಲಿಲ್ಲ ಅಂದ್ರೆ ನಾನು ಇಲ್ಲೇ ನಿಮ್ಮ ಬಾಗ್ಲಲ್ಲೇ ಕೂರ್ತೀನಿ."

"ಕೂತ್ಕೊ, ಎದುರುಗಡೆ ಕೂರೋನು ಇಲ್ಲಿ ಕೂರು" ಅಂದರು ಅತ್ತೆ. ಅವರು ನಿಜವಾಗಿಯೂ ಹೊಸ್ತಿಲ ಮೇಲೆ ಕೂತುಬಿಟ್ಟರು. ಅತ್ತೆ ಗೊಣಗುತ್ತಾ ಒಳಗೆ ಹೋದರು.

ನಾನು ಮತ್ತೆ ಚಪ್ಪಲಿ ಮೆಟ್ಟುವಾಗ ಅವರ ಕೈ ಕಣ್ಣಿಗೆ ಬಿತ್ತು. ಆಗ ನೆನಪಾಯಿತು. "ಅಣ್ಣ, ಅವತ್ತು ನಿಮ್ಮ ಬೆರಳಿಗೂ ತಾಗಿತ್ತಲ್ಲ, ಅದೇ ಮರಿ?" ಅಂದೆ.

ಅವರು ಬೆರಳು ಎತ್ತಿ ನೋಡಿಕೊಂಡರು. ಕಲೆಯೂ ಇರಲಿಲ್ಲ. ಒಂದು ಗಳಿಗೆ ಹೆಬ್ಬೆರಳಿನಿಂದ ಆ ಜಾಗ ಸವರಿದರು. ಆ ಒಂದು ಗಳಿಗೆ ನನಗೆ ಈಗಲೂ ಕಾಣುತ್ತದೆ... ಆಮೇಲೆ, "ಒಂದು ಹನಿ ರಕ್ತ ಬಂದಿಲ್ಲ ಕಣಕ್ಕ. ಈಗ ರಜಾ ಕೇಳಿದ್ರೆ ಕೆಲಸದಿಂದ ತೆಗೀತಾರೆ. ನೀವು ಸುಣ್ಣ ಬೇರೆ ಹಚ್ಚಿದ್ರಲ್ಲ, ಸಾಯ್ತು ಬಿಡಿ ಅದು" ಅಂದರು.

ನಾನು "ಹೂಂ" ಅಂದೆ.

ಅಷ್ಟೇ ಅಂದದ್ದು. ಬಸ್ಸಿಗೆ ಹೊತ್ತಾಗಿತ್ತು. ನನ್ನ ಡಬ್ಬಿಯನ್ನು ಏಟು ಹಾಕಿ ಬೀಳಿಸಿದ ಮನುಷ್ಯನೇ ನನ್ನ ಸುಣ್ಣವನ್ನು ನಂಬಿದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಸುಳ್ಳು ಯಾಕೆ ಹೇಳಲಿ.

ಐದನೆಯ ಸೂಜಿಯೂ ಮುಗಿಯಿತು. ಎರಡು ತಿಂಗಳು ಕಳೆಯಿತು. ಒಂದು ವಾರ ಅವರು ಆ ಬೆರಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಲೇ ಇದ್ದರು. ಜುಮ್ಮುಗುಟ್ಟುತ್ತೆ, ಇರುವೆ ಹರಿದಂಗೆ ಅನ್ನುವರು. ಆಮೇಲೊಂದು ಬೆಳಿಗ್ಗೆ ಟೀ ಕೊಟ್ಟೆ. ಗ್ಲಾಸು ತುಟಿಯ ಹತ್ತಿರ ಹೋದದ್ದೇ ಗಂಟಲು ಹಿಡಿದುಕೊಂಡು ಬಿಗಿಯಿತು, ಟೀ ಮೈಮೇಲೆಲ್ಲ ಚೆಲ್ಲಿತು. "ಗಂಟ್ಲು ಕಟ್ಟೈತೆ" ಅಂತ ನಗಲು ನೋಡಿದರು. ನೀರು ಕೊಟ್ಟೆ. ನೀರಿನ ಲೋಟ ಕಂಡೇ ಹಿಂದಕ್ಕೆ ಸರಿದರು. ಅಂಗಡಿಯ ಫ್ಯಾನಿನ ಗಾಳಿಯನ್ನೂ ತಡೆಯಲಿಲ್ಲ, ಮುಖಕ್ಕೆ ಕೈ ಅಡ್ಡ ಹಿಡಿದರು. ಇಬ್ಬರಿಗೂ ಗೊತ್ತಾಯಿತು.

ಅವರನ್ನು ಕೆಲಸಕ್ಕಿಟ್ಟಿದ್ದ ಕಂಟ್ರಾಕ್ಟರ್ ಕಡೆಯವರು ಊರೊಳಗಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮರುದಿನ ನಾನು ಹೋದೆ. ಕತ್ತಲು ಮಾಡಿದ ಕೋಣೆ, ಕಿಟಕಿಗೆ ಕಂಬಳಿ ಕಟ್ಟಿದ್ದರು. ಬಾಗಿಲಲ್ಲೇ ನಿಲ್ಲಿಸಿದರು. ಬುದ್ಧಿ ಸ್ವಚ್ಛವಾಗಿತ್ತು, ನನ್ನ ಗುರುತು ಹಿಡಿದರು.

"ಅಕ್ಕ, ಮಗೀಗೆ ಐದೂ ಆಯ್ತಲ್ಲ?"

"ಆಯ್ತು ಅಣ್ಣ. ಐದೂ ಆಯ್ತು."

ಬೇರೇನೂ ಕೇಳಲಿಲ್ಲ. ನಾನು ಸುಣ್ಣದ ಮಾತು ಎತ್ತದೆಯೇ ವಾಪಸು ಬಸ್ಸು ಹತ್ತಿದೆ. ಅದರ ಮಾರನೆಯ ದಿನ ಅವರು ಹೋದರು. ದೇಹವನ್ನು ಯಾವುದೋ ವ್ಯಾನಿನಲ್ಲಿ ಅವರ ಊರಿಗೆ ಕಳಿಸಿದರಂತೆ. ಗೇಟಿಗೆ ಹೊಸಬ ಬಂದ. ಸ್ವಲ್ಪ ದಿನಕ್ಕೆ ನಾನು ಅಂಗಡಿ ಮುಚ್ಚಿದೆ. ಗೇಟ್ ಮಾಮನಿಗೆ ಅವರ ಊರಲ್ಲೇ ಕೆಲಸ ಸಿಕ್ಕಿತು ಅಂತ ಮಗಳಿಗೆ ಹೇಳಿದೆ. ಅವಳು ನಂಬಿದಳು, ಬೆಳೆದಳು, ಓದಿದಳು, ಮದುವೆಯಾದಳು, ಈಗ ತಾಯಿಯೂ ಆದಳು.

ಮೊನ್ನೆ ಆರೋಗ್ಯ ಕೇಂದ್ರದಿಂದ ಆಟೋದಲ್ಲಿ ವಾಪಸು ಬರುವಾಗ ನಾನು ರಸ್ತೆಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಸೂಜಿಯ ನೋವಿಗೆ ಅತ್ತು ಅತ್ತು ಮಗು ನಿದ್ದೆ ಹೋಗಿತ್ತು. "ಏನಮ್ಮ, ಮೊಮ್ಮಗಳು ಅತ್ತಿದ್ದಕ್ಕೆ ಇಷ್ಟು ಬೇಜಾರಾ? ಒಳ್ಳೇದಕ್ಕೇ ತಾನೇ?" ಅಂತ ಮಗಳು ಛೇಡಿಸಿದಳು. ಆಗ ಹೇಳಿಬಿಟ್ಟೆ. ಬೆರಳು, ಸುಣ್ಣ, ಹೊಸ್ತಿಲ ಮೇಲೆ ಅವರು ಕೂತದ್ದು, ಆ ಕತ್ತಲ ಕೋಣೆ, ಎಲ್ಲ. ನಾನು "ಹೂಂ" ಅಂದದ್ದನ್ನೂ ಬಿಡದೆ ಹೇಳಿದೆ. ಅವಳು ಸಮಾಧಾನ ಮಾಡಲಿಲ್ಲ. ಮಾಡದೆ ಇದ್ದದ್ದೇ ಒಳ್ಳೆಯದಾಯಿತು, ನನಗೆ ಕೇಳುವ ಶಕ್ತಿ ಇರಲಿಲ್ಲ. ಎರಡು ಸಿಗ್ನಲ್ ದಾಟಿದ ಮೇಲೆ ಒಂದೇ ಮಾತು ಕೇಳಿದಳು.

"ಅವರ ಊರು ಯಾವ್ದಮ್ಮ?"

ನನಗೆ ಗೊತ್ತಿಲ್ಲ. ಎರಡು ವರ್ಷ ದಿನಕ್ಕೆ ನಾಲ್ಕು ಸಲ ಟೀ ಕೊಟ್ಟೆ. ಸಕ್ಕರೆ ಸಾಕಾ ಅಂತ ಕೇಳಿದೆನೇ ಹೊರತು ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಒಂದು ದಿನವೂ ಕೇಳಲಿಲ್ಲ.

ಮಗು ಹುಟ್ಟಿದ ದಿನ ನಾನೇ ಕೂತು ನೆಂಟರಿಗೆ, ಬೀಗರಿಗೆ, ಹಳೆಯ ಬಾಡಿಗೆದಾರರಿಗೆ, ಹಾಲಿನವಳಿಗೆ, ಎಲ್ಲರಿಗೂ ಫೋನು ಮಾಡಿಸಿದ್ದೆ. ಒಂದು ಮನೆಯೂ ಬಿಟ್ಟಿಲ್ಲ ಅಂದುಕೊಂಡಿದ್ದೆ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದ ಒಂದು ಮನೆ ಎಲ್ಲೋ ಇದೆ. ಅಲ್ಲಿ ಯಾರಿಗೂ ಗೊತ್ತಿಲ್ಲ, ಇಲ್ಲಿ ನಮಗೆ ಹೆಣ್ಣು ಮಗು ಹುಟ್ಟಿದೆ ಅಂತ.