ಅರ್ಥ ಹೇಳುವ ಮಾಮಾ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಚಾಳಿನಲ್ಲಿ ಟಿ.ವಿ. ಇದ್ದದ್ದು ತಮಿಳು ಮಾಮಾರ ಮನೆಯಲ್ಲಿ ಮಾತ್ರ. ಭಾನುವಾರ ಮಧ್ಯಾಹ್ನ ತಮಿಳು ಸಿನಿಮಾ ಬಂತೆಂದರೆ ಅವರು ತೋರುಬೆರಳೆತ್ತಿ, ಬೆಂಗಳೂರಿನಲ್ಲಿ ಕಲಿತ ಕನ್ನಡದಲ್ಲಿ, "ಕೆಳಗಿನ ಇಂಗ್ಲಿಷ್ ನಂಬ್ಬೇಡಿ ಸಾರ್, ಅರ್ಥ ನಾನ್ ಹೇಳ್ತೀನಿ" ಎನ್ನುತ್ತಿದ್ದರು. ಡೈಲಾಗಿಗಷ್ಟೇ ಅಲ್ಲ, ಆಟದ ದೃಶ್ಯವಿದ್ದರೆ ರೆಫರಿಯ ಸಿಳ್ಳೆಗೂ ಅರ್ಥ ಹೇಳುತ್ತಿದ್ದರು. ಕನ್ನಡಿಯಲ್ಲಿ ನನ್ನನ್ನೇ ಅಣಕಿಸುವ ನಾನು ಆ ಬೆರಳನ್ನು ಅಣಕಿಸದೆ ಬಿಡುತ್ತೇನೆಯೇ?

ಆ ಭಾನುವಾರದ್ದು ಪೋಲಿ ಹುಡುಗನೊಬ್ಬ ಕಬಡ್ಡಿ ಆಡಿ ಸುಧಾರಿಸುವ ಕಥೆ. ನನ್ನದೂ ಅದೇ ಕಥೆ, ಸುಧಾರಣೆ ಮಾತ್ರ ಬಾಕಿ. ಪಕ್ಕದೂರು ಕಲ್ಯಾಣದಲ್ಲಿ ನಮ್ಮ ಕಬಡ್ಡಿ ಫೈನಲ್ ಇದ್ದ ದಿನ ನಾನು ಯಾರದೋ ಮದುವೆಯಲ್ಲಿ ಮಿಮಿಕ್ರಿ ಮಾಡುತ್ತ ಉಳಿದಿದ್ದೆ. ಆರೇ ಮಂದಿ ಆಡಿ ನಮ್ಮ ತಂಡ ಸೋತಿತ್ತು. ಅಪ್ಪ ಎಂಟು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದರು.

ಕೊನೆಯ ದೃಶ್ಯದಲ್ಲಿ ಗೆದ್ದ ಹುಡುಗ ತನ್ನ ಅಪ್ಪನ ಮುಂದೆ ಬಂದು ನಿಂತ. ಆ ಅಪ್ಪನ ತುಟಿ ಅಲುಗಲೇ ಇಲ್ಲ. ತುಟಿ ನೋಡುವುದೇ ನನ್ನ ಕಸುಬು. ಕೆಳಗೆ ಇಂಗ್ಲಿಷೂ ಬರಲಿಲ್ಲ.

"ಏನಂತಾನ್ರೀ ಅಂವಾ?" ಎಂದರು ಮುಂದೆ ಕೂತಿದ್ದ ನಮ್ಮ ಧಾರವಾಡದ ಅಪ್ಪ.

ಮಾಮಾ ಬೆರಳೆತ್ತಿದರು. "'ಮನೆಗೆ ನಡಿಯೋ, ಕಾಫಿ ಆರ್ತಾ ಇದೆ' ಅಂತಾನೆ ಸಾರ್."

ಅಪ್ಪ ಎದ್ದು ನಿಂತರು. ಗೋಡೆಯ ಕಡೆ ನೋಡುತ್ತಲೇ ನನಗೆ, "ನಡೀಲೇ, ಚಾ ಆರತೈತಿ" ಎಂದರು.

ನಾನು ಮಾಮಾರ ಕಡೆ ತಿರುಗಿದೆ. ಅವರು ಆಗಲೇ ಬೆರಳೆತ್ತಿ ಸೋಪಿನ ಜಾಹೀರಾತಿಗೆ ಅರ್ಥ ಹೇಳುತ್ತಿದ್ದರು.